ಗುಡ್ಡೆ, ತೋಡು, ಕತ್ತಿ: ಆಹಾರ ಸಂಗ್ರಾಹಕ ಸಮಾಜಗಳಲ್ಲಿ ಮಕ್ಕಳ ಕಲಿಕೆ

ವಾನರ ಕುಲದಲ್ಲಿ ಮನುಷ್ಯನ ಮಗುವಿನಷ್ಟು ದೀರ್ಘಕಾಲ ಇತರರು ದುಡಿದು ತಂದದ್ದನ್ನು ಉಂಡು ಬೆಳೆಯುವ ಜೀವಿ ಬೇರೊಂದಿಲ್ಲ. ಚಿಂಪಾಂಜಿಯ ಮರಿ ನಾಲ್ಕೈದು ವರ್ಷಕ್ಕೆ ತಾಯಿಯ ಹಾಲು ಬಿಟ್ಟಿತೆಂದರೆ ಹೊಟ್ಟೆಯ ಪಾಡನ್ನು ಬಹುಮಟ್ಟಿಗೆ ತಾನೇ ನೋಡಿಕೊಳ್ಳುತ್ತದೆ. ಮನುಷ್ಯನ ಮಗುವಾದರೋ ಅದಕ್ಕಿಂತ ಬೇಗ ಹಾಲು ಬಿಟ್ಟರೂ ಮುಂದೆ ಹತ್ತು ಹದಿನೈದು ವರ್ಷ ಹಿರಿಯರ ದುಡಿಮೆಯನ್ನೇ ಆಶ್ರಯಿಸಿರುತ್ತದೆ. ಇಷ್ಟು ದೊಡ್ಡ ಖರ್ಚಿನ ಬಾಲ್ಯ ವಿಕಾಸದ ಹಾದಿಯಲ್ಲಿ ಏಕೆ ಉಳಿದುಬಂತು ಎಂಬುದಕ್ಕೆ ಹಿಲರ್ಡ್ ಕಪ್ಲಾನ್ ಮತ್ತು ಅವರ ಸಂಗಡಿಗ ಮಾನವಶಾಸ್ತ್ರಜ್ಞರು 2000ದಲ್ಲಿ ಒಂದು ವಿವರಣೆ ಮುಂದಿಟ್ಟರು. ಮನುಷ್ಯ ತಿನ್ನುವುದು ಸುಲಭಕ್ಕೆ ದಕ್ಕದ ಆಹಾರವನ್ನು. ಮಣ್ಣಿನಾಳದ ಗೆಡ್ಡೆ, ಮರದ ಪೊಟರೆಯ ಜೇನು, ಓಡುವ ಮಿಗ ಇವನ್ನೆಲ್ಲ ಪಡೆಯಲು ಬೇಕಾದ ಕೌಶಲ ಕೈಗೂಡಲು ವರ್ಷಗಟ್ಟಲೆ ಹಿಡಿಯುತ್ತದೆ, ಆದ್ದರಿಂದ ಬಾಲ್ಯವೆಂಬುದು ಕಲಿಕೆಗೆ ಮೀಸಲಾದ ಅವಧಿ ಎಂಬುದು ಅವರ ವಾದ. ಪರಾಗ್ವೆಯ ಆಚೆ ಜನರಲ್ಲಿ ಬೇಟೆಗಾರನ ಗಳಿಕೆ ಅವನ ಮೈಕಸುವು ಉತ್ತುಂಗದಲ್ಲಿರುವ ಇಪ್ಪತ್ತರ ಹರೆಯದಲ್ಲಲ್ಲ, ಎಷ್ಟೋ ವರ್ಷ ತಡವಾಗಿ ಶಿಖರ ಮುಟ್ಟುವುದು ಈ ವಾದಕ್ಕೆ ಬಲ ನೀಡಿತು. ಇದಕ್ಕೆ ಆಕ್ಷೇಪವೂ ಬಂದಿದೆ. ಆಸ್ಟ್ರೇಲಿಯದ ಉತ್ತರಕ್ಕಿರುವ ಟಾರಸ್ ಜಲಸಂಧಿಯ ಮೆರಿಯಂ ದ್ವೀಪವಾಸಿಗಳ ಮಕ್ಕಳನ್ನು ಗಮನಿಸಿದ ಡಗ್ಲಸ್ ಬರ್ಡ್ ಮತ್ತು ರೆಬೆಕಾ ಬ್ಲೀಜ್ ಬರ್ಡ್, ಚಿಪ್ಪುಜೀವಿಗಳನ್ನು ಆಯುವಲ್ಲಿ ಮಕ್ಕಳು ಹಿಂದೆ ಬೀಳುವುದು ತಿಳಿವಳಿಕೆಯ ಕೊರತೆಯಿಂದಲ್ಲ, ಕಾಲು ಗಿಡ್ಡವಾಗಿದ್ದು ನಡಿಗೆ ನಿಧಾನವಾಗಿರುವುದರಿಂದ ಎಂದು ತೋರಿಸಿದರು. ಯಾವ ಆಹಾರಕ್ಕೆ ಎಷ್ಟು ಕಲಿಕೆ ಬೇಕು ಎಂಬುದು ಆಯಾ ನೆಲವನ್ನು ನೋಡಿಯೇ ತೀರ್ಮಾನಿಸಬೇಕಾದ ಸಂಗತಿ ಎಂಬ ಅರಿವು ಈ ಚರ್ಚೆಯಿಂದ ದೊರೆತ ನಿಜವಾದ ಲಾಭ.

ಆ ದೃಷ್ಟಿಯಿಂದ ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ನೆಲ ವಿಶೇಷ ಗಮನಕ್ಕೆ ಅರ್ಹವಾಗಿದೆ. ಕೇವಲ ಬೇಟೆ ಮತ್ತು ಸಂಗ್ರಹಣೆಯಿಂದ ಬದುಕುವ ಸಮುದಾಯ ಇಂದು ಇಲ್ಲಿ ಇಲ್ಲ. ಆದರೆ ತಲೆಮಾರುಗಳ ಕಾಲ ಕಾಡಿನ ಸಂಗ್ರಹವನ್ನೇ ದಿನಚರಿಯ ನಡುವಿಟ್ಟುಕೊಂಡು ಬಂದ ಎರಡು ಸಮುದಾಯಗಳು ಇಲ್ಲಿವೆ. ಬೆಳ್ತಂಗಡಿ ತಾಲ್ಲೂಕಿನ ಕುತ್ಲೂರು, ನಾರಾವಿ, ಶಿರ್ಲಾಲು, ಸವಣಾಲು, ಮಲವಂತಿಗೆ, ನೆರಿಯ, ಚಾರ್ಮಾಡಿ ಮೊದಲಾದ ಘಟ್ಟದ ಬುಡದ ಊರುಗಳಲ್ಲಿ ತುಳು ಮಾತಾಡುವ ಮಲೆಕುಡಿಯರು ನೆಲೆಸಿದ್ದಾರೆ. ಜೇನು, ಸೀಗೆ, ರಾಮಪತ್ರೆ, ಬೆತ್ತ ಇವರ ಪಾರಂಪರಿಕ ಸಂಗ್ರಹಗಳು, ಏಲಕ್ಕಿ ಮಲೆಯ ಕೆಲಸ ಇವರ ಹಳೆಯ ದುಡಿಮೆ. ಶಿವರಾಮ ಕಾರಂತರ ‘ಕುಡಿಯರ ಕೂಸು’ ಕಾದಂಬರಿಗೆ ವಸ್ತುವಾದದ್ದು ಈ ಜನರ ಬದುಕೇ. ಬಯಲಿನ ಕಡೆಗೆ, ಊರಿನ ಅಂಚಿನ ಕೊಪ್ಪಗಳಲ್ಲಿ, ಕಾಡಿನ ಬೂರು ಅಂದರೆ ಬಳ್ಳಿ, ಬೆತ್ತ ಮತ್ತು ಬಿದಿರುಗಳಿಂದ ಬುಟ್ಟಿ ಹೆಣೆಯುವ ಕೊರಗರಿದ್ದಾರೆ. ಕರ್ನಾಟಕದಲ್ಲಿ ‘ವಿಶೇಷವಾಗಿ ದುರ್ಬಲವಾದ ಬುಡಕಟ್ಟು’ ಎಂಬ ಕೇಂದ್ರ ಸರ್ಕಾರದ ಪಟ್ಟಿಗೆ ಸೇರಿದ ಎರಡೇ ಸಮುದಾಯಗಳೆಂದರೆ ಕೊರಗರು ಮತ್ತು ಜೇನು ಕುರುಬರು. ಬೇಸಾಯಕ್ಕೆ ಹಿಂದಿನ ಹಂತದ ತಂತ್ರಜ್ಞಾನ ಎಂಬುದು ಆ ಪಟ್ಟಿಯ ಮಾನದಂಡಗಳಲ್ಲಿ ಒಂದು. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಕೊರಗರ ಸಂಖ್ಯೆ ಹದಿನೈದು ಸಾವಿರಕ್ಕೂ ಕಡಿಮೆ. ಈ ಜನರನ್ನು ಶಿಲಾಯುಗದ ಪಳೆಯುಳಿಕೆಗಳಂತೆ ನೋಡುವ ಹಳೆಯ ರೂಢಿ ಅಶಾಸ್ತ್ರೀಯವೂ ಹೌದು, ಅಗೌರವವೂ ಹೌದು. ಶತಮಾನಗಳಿಂದ ಸಂತೆ, ಗದ್ದೆ, ಗುತ್ತಿನ ಮನೆ, ದೈವಸ್ಥಾನಗಳ ಜೊತೆ ಕೊಡುಕೊಳ್ಳುವ ಸಂಬಂಧದಲ್ಲಿದ್ದುಕೊಂಡೇ ಕಾಡಿನ ಕಲಿಕೆಯನ್ನು ಉಳಿಸಿಕೊಂಡವರು ಇವರು, ಮತ್ತು ಆ ಕಲಿಕೆ ಹೇಗೆ ನಡೆಯುತ್ತದೆ ಎಂಬುದೇ ಇಲ್ಲಿನ ವಿಷಯ.

ಮಕ್ಕಳು ಎಷ್ಟು ಬೇಗ ಆಹಾರ ಸಂಗ್ರಹಕ್ಕೆ ಇಳಿಯುತ್ತಾರೆ ಎಂಬುದನ್ನು ನಿರ್ಧರಿಸುವಲ್ಲಿ ಸಂಸ್ಕೃತಿಗಿಂತ ಮೊದಲು ನೆಲದ ರಚನೆ ಕೆಲಸ ಮಾಡುತ್ತದೆ. ಆಫ್ರಿಕಾದ ಎರಡು ಪ್ರಸಿದ್ಧ ಸಮುದಾಯಗಳ ಹೋಲಿಕೆ ಇದನ್ನು ಸ್ಪಷ್ಟಪಡಿಸುತ್ತದೆ. ಕಲಹರಿ ಮರುಭೂಮಿಯ ಕುಂಗ್ ಜನರ ಮಕ್ಕಳು ಹದಿಹರೆಯದ ವರೆಗೂ ಬಹುಪಾಲು ಬಿಡಾರದಲ್ಲೇ ಆಡಿಕೊಂಡಿರುತ್ತಿದ್ದುದನ್ನು 1960ರ ದಶಕದಿಂದ ಅಲ್ಲಿಗೆ ಹೋದ ರಿಚರ್ಡ್ ಲೀ, ಪ್ಯಾಟ್ರೀಷಿಯ ಡ್ರೇಪರ್ ಮೊದಲಾದವರು ದಾಖಲಿಸಿದರು. ಬೇಟೆ-ಸಂಗ್ರಹಣೆಯ ಬಾಲ್ಯವೆಂದರೆ ದುಡಿಮೆಯಿಲ್ಲದ ಬಾಲ್ಯ ಎಂಬ ಕಲ್ಪನೆ ಅಲ್ಲಿಂದಲೇ ಹಬ್ಬಿತು. ಆದರೆ ಟಾಂಜಾನಿಯದ ಎಯಾಸಿ ಸರೋವರದ ಸುತ್ತಲಿನ ಹಾಡ್ಜಾ ಜನರಲ್ಲಿ ಐದಾರು ವರ್ಷದ ಮಕ್ಕಳೇ ಗುಂಪು ಕಟ್ಟಿಕೊಂಡು ಹೋಗಿ ಹಣ್ಣು, ಗೆಡ್ಡೆ, ಬಾಓಬಾಬ್ ಕಾಯಿಗಳನ್ನು ತಂದು ತಮ್ಮ ಊಟದ ಗಣನೀಯ ಪಾಲನ್ನು ತಾವೇ ಗಳಿಸುವುದನ್ನು ನಿಕೋಲಸ್ ಬ್ಲರ್ಟನ್ ಜೋನ್ಸ್ ಮತ್ತು ಕ್ರಿಸ್ಟನ್ ಹಾಕ್ಸ್ ಕಂಡರು. ವ್ಯತ್ಯಾಸದ ಕಾರಣ ನೆಲದಲ್ಲಿತ್ತು. ಕುಂಗ್ ಜನರ ಆಹಾರ ನೀರಿನ ತಾಣದಿಂದ ಬಹಳ ದೂರವಿದ್ದು, ಗುರುತುಗಳೇ ಇಲ್ಲದ ಸಮತಟ್ಟು ಪೊದೆಗಾಡಿನಲ್ಲಿ ಮಗು ದಾರಿ ತಪ್ಪಿದರೆ ಬಾಯಾರಿಯೇ ಸಾಯಬೇಕಾಗಿತ್ತು. ಹಾಡ್ಜಾ ನೆಲದಲ್ಲಾದರೆ ಬಂಡೆಗುಡ್ಡಗಳು ದಾರಿ ತೋರಿಸುತ್ತಿದ್ದವು, ಆಹಾರ ಬಿಡಾರದ ಹತ್ತಿರವೇ ಸಿಗುತ್ತಿತ್ತು.

ತುಳುನಾಡಿನ ನೆಲ ನಿಸ್ಸಂದೇಹವಾಗಿ ಎರಡನೆಯ ಬಗೆಯದು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುವ ಈ ಪ್ರದೇಶದಲ್ಲಿ ಗುಡ್ಡೆ, ಅದರ ಬುಡದ ಬೈಲು, ಬೈಲಿನ ನಡುವಿನ ತೋಡು ಎಂಬ ರಚನೆ ಮತ್ತೆ ಮತ್ತೆ ಮರುಕಳಿಸುತ್ತದೆ. ತೋಡಿನ ಹರಿವನ್ನು ಹಿಡಿದು ಇಳಿದರೆ ಬೈಲು, ಬೈಲಿನಲ್ಲಿ ಮನೆ. ಏಳೆಂಟು ವರ್ಷದ ಮಗುವೂ ಇಲ್ಲಿ ದಾರಿ ತಪ್ಪುವುದು ಕಷ್ಟ. ಮತ್ತೆ, ಮಗುವಿನ ಕೈಗೆಟಕುವ ಆಹಾರಕ್ಕೆ ಇಲ್ಲಿ ಬರವಿಲ್ಲ. ಬೇಸಿಗೆಯಲ್ಲಿ ಪುನರ್ಪುಳಿ, ಪೆಜಕಾಯಿ, ನೇರಳೆ, ಕೇಪುಳದ ಹಣ್ಣು. ಮೊದಲ ಗುಡುಗು-ಮಳೆಗೆ ಮಣ್ಣಿನಲ್ಲಿ ಕಾಣಿಸಿಕೊಳ್ಳುವ ಗುಂಡನೆಯ ಕಲ್ಲಣಬೆ. ತೋಡು ತುಂಬಿ ಗದ್ದೆಗೆ ಉಕ್ಕಿದಾಗ ನೀರಿಗೆದುರಾಗಿ ಮೊಟ್ಟೆಯಿಡಲು ಏರಿಬರುವ ಉಬರ್ ಮೀನು. ತುಳುವರ ಮಳೆಗಾಲದ ತಿಂಗಳುಗಳಾದ ಕಾರ್ತೆಲ್ ಮತ್ತು ಆಟಿಯಲ್ಲಿ ಬಿದಿರು ಮೆಳೆಯ ಕಣಿಲೆ, ತಜಂಕ್ ಮತ್ತು ತಿಮರೆ ಸೊಪ್ಪು, ಮರಕೆಸು, ಕಲ್ಲಿನಡಿಯ ಡೆಂಜಿ ಅಂದರೆ ಏಡಿ, ಗದ್ದೆಯ ನರ್ತೆ ಅಂದರೆ ಬಸವನಹುಳು. ಆಟಿ ಎಂಬುದು ತುಳುನಾಡಿನ ಬಡವರ ಮನೆಗಳಲ್ಲಿ ಧಾನ್ಯ ತಳಮುಟ್ಟುತ್ತಿದ್ದ ಹಸಿವಿನ ತಿಂಗಳೂ ಆಗಿತ್ತು, ಆದ್ದರಿಂದ ಮಗು ಸೆರಗಿನಲ್ಲೋ ಪಾಳೆಯಲ್ಲೋ ಕಟ್ಟಿಕೊಂಡು ತಂದ ಒಂದು ಹಿಡಿ ಸೊಪ್ಪಿಗೂ ನಾಲ್ಕು ಏಡಿಗೂ ಆಟದ ಬೆಲೆಯಲ್ಲ, ಊಟದ ಬೆಲೆಯೇ ಇತ್ತು.

ಇವುಗಳನ್ನು ತರುವುದಷ್ಟೇ ಕಲಿಕೆಯಲ್ಲ. ಕಣಿಲೆಯನ್ನೇ ತೆಗೆದುಕೊಂಡರೆ, ಎಳೆ ಬಿದಿರಿನ ಆ ಮೊಳಕೆಯಲ್ಲಿ ಟ್ಯಾಕ್ಸಿಫಿಲಿನ್ ಎಂಬ ರಾಸಾಯನಿಕವಿದ್ದು, ಮೊಳಕೆಯನ್ನು ಕೊಚ್ಚಿದಾಗ ಅದು ಒಡೆದು ಸಯನೈಡ್ ಬಿಡುಗಡೆಯಾಗುತ್ತದೆ. ಕಣಿಲೆಯ ಸಿಪ್ಪೆ ಸುಲಿದು, ಸಣ್ಣಗೆ ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಹಾಕಿದ ಮೇಲೆಯೇ ಬೇಯಿಸುವ ಪದ್ಧತಿ ಈ ವಿಷವನ್ನು ಕಳೆಯುವ ಕ್ರಮಬದ್ಧ ವಿಧಾನ: ಸಣ್ಣಗೆ ಹೆಚ್ಚುವುದರಿಂದ ಜೀವಕೋಶಗಳೊಳಗಿನ ಕಿಣ್ವ ವಿಷದ ಮೂಲವಸ್ತುವನ್ನು ತಾಗಿ ಒಡೆಯುತ್ತದೆ, ನೀರು ಅದನ್ನು ಹೊರಸೆಳೆಯುತ್ತದೆ, ಕುದಿತ ಉಳಿದದ್ದನ್ನು ಹಾರಿಸಿಬಿಡುತ್ತದೆ. ಕೆಲವು ಕಾಡುಗೆಣಸುಗಳ ಕಹಿಯನ್ನು ಕಳೆಯುವುದಕ್ಕೂ ಇಂಥದೇ ಕ್ರಮಗಳಿವೆ. ನೀರು ಬದಲಿಸುವ ಕೆಲಸವನ್ನು ಮಗುವಿಗೆ ಒಪ್ಪಿಸುವ ಮನೆಯಲ್ಲಿ ಮಗು ರಸಾಯನಶಾಸ್ತ್ರದ ಹೆಸರು ಕೇಳದೆಯೂ ಅದರ ಅನುಕ್ರಮವನ್ನು ಕೈಯಲ್ಲಿ ಕಲಿತಿರುತ್ತದೆ, ಮತ್ತು ಒಂದು ಹಂತವನ್ನೂ ಬಿಡಬಾರದು ಎಂಬ ಶಿಸ್ತನ್ನೂ ಕಲಿತಿರುತ್ತದೆ. ಹಾಗೆಯೇ ಸೊನೆ ತಾಗಿದರೆ ಮೈಯೆಲ್ಲ ಗುಳ್ಳೆಯೇಳುವ ಚೇರೆ ಮರವನ್ನು ದೂರದಿಂದ ಗುರುತಿಸುವುದು ಹಣ್ಣಿನ ಮರವನ್ನು ಗುರುತಿಸುವುದಕ್ಕಿಂತ ಮೊದಲ ಪಾಠ.

ಈ ಪಾಠವನ್ನು ಹೇಳಿಕೊಡುವವರು ಯಾರು? ಮಧ್ಯ ಆಫ್ರಿಕಾದ ಅಕಾ ಜನರನ್ನು ಅಧ್ಯಯನ ಮಾಡಿದ ಬ್ಯಾರಿ ಹ್ಯೂಲೆಟ್, ತಳಿವಿಜ್ಞಾನಿ ಲೂಯಿಜಿ ಕವಾಲಿ-ಸ್ಫೋರ್ಜಾ ಅವರೊಂದಿಗೆ ಸೇರಿ 1986ರಲ್ಲಿ ಪ್ರಕಟಿಸಿದ ಬರಹದಲ್ಲಿ ಸುಮಾರು ಶೇಕಡಾ 80ರಷ್ಟು ಕೌಶಲಗಳನ್ನು ಮಕ್ಕಳು ತಂದೆತಾಯಿಯಿಂದಲೇ ಪಡೆಯುತ್ತಾರೆ ಎಂಬ ಉತ್ತರ ದೊರೆತಿತ್ತು. ತಂದೆತಾಯಿಯಿಂದ ಮಕ್ಕಳಿಗೆ ಇಳಿಯುವ ಇಂಥ ಅರಿವಿಗೆ ಲಂಬ ಪ್ರಸರಣವೆಂದೂ, ಸರಿಸುಮಾರು ಒಂದೇ ಪ್ರಾಯದವರ ನಡುವೆ ಹರಡುವುದಕ್ಕೆ ಸಮತಲ ಪ್ರಸರಣವೆಂದೂ, ಬೇರೆ ಹಿರಿಯರಿಂದ ಬರುವುದಕ್ಕೆ ಓರೆ ಪ್ರಸರಣವೆಂದೂ ಹೆಸರು. ಆದರೆ ದೊಡ್ಡವರನ್ನು ಕೇಳಿ ಪಡೆದ ಉತ್ತರದಲ್ಲಿ ತಂದೆತಾಯಿಯ ಪಾಲು ಹಿಗ್ಗಿರುತ್ತದೆ, ಮಕ್ಕಳನ್ನು ಕಣ್ಣಾರೆ ಗಮನಿಸಿದರೆ ಚಿತ್ರ ಬೇರೆಯೇ ಕಾಣುತ್ತದೆ ಎಂಬ ಟೀಕೆ ನಂತರದ ವರ್ಷಗಳಲ್ಲಿ ಬಲಗೊಂಡಿತು. ಶೈನಾ ಲ್ಯೂ-ಲೆವಿ ಮತ್ತು ಸಂಗಡಿಗರು 2017ರಲ್ಲಿ ಹಲವು ಸಮುದಾಯಗಳ ವರದಿಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡ ಕ್ರಮವಿದು: ಶೈಶವದಲ್ಲಿ ತಂದೆತಾಯಿ, ನಡುಬಾಲ್ಯದಲ್ಲಿ ಆಟದ ಗುಂಪು, ಹದಿಹರೆಯದಲ್ಲಿ ಬೇಟೆಯಂಥ ಕಠಿಣ ಕೌಶಲಗಳಿಗಾಗಿ ಮತ್ತೆ ನುರಿತ ಹಿರಿಯರು. ಕರ್ನಾಟಕದ್ದೇ ಒಂದು ಅಧ್ಯಯನ ಈ ಚರ್ಚೆಯಲ್ಲಿ ಸೇರಿದೆ. ಜೇನು ಕುರುಬರು ಜೇನು ಕೀಳುವ ಅರಿವನ್ನು ಬದುಕಿನ ಯಾವ ಯಾವ ಹಂತದಲ್ಲಿ ಯಾರು ಯಾರಿಂದ ಪಡೆಯುತ್ತಾರೆ ಎಂಬುದನ್ನು ಕ್ಯಾಥರಿನ್ ಡೆಂಪ್ಸ್ ಮತ್ತು ಸಂಗಡಿಗರು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದರು.

ನಡುಬಾಲ್ಯದ ಆ ಆಟದ ಗುಂಪಿನ ರಚನೆಯಲ್ಲೇ ಒಂದು ಮುಖ್ಯ ಸಂಗತಿ ಅಡಗಿದೆ. ಇಪ್ಪತ್ತೈದು ಮೂವತ್ತು ಜನರ ಬಿಡಾರದಲ್ಲಿ ಒಂದೇ ಪ್ರಾಯದ ನಾಲ್ಕು ಮಕ್ಕಳು ಸಿಗುವುದೇ ಅಪರೂಪವಾದ್ದರಿಂದ ನಾಲ್ಕರ ಪೋರನಿಂದ ಹದಿಮೂರರ ಹುಡುಗಿಯ ವರೆಗೆ ಎಲ್ಲರೂ ಒಂದೇ ಗುಂಪಾಗಬೇಕಾಗುತ್ತದೆ ಎಂದು ಕುಂಗ್ ಮಕ್ಕಳನ್ನು ಅಧ್ಯಯನ ಮಾಡಿದ ಮೆಲ್ವಿನ್ ಕಾನರ್ ಗುರುತಿಸಿದ್ದಾರೆ. ಮಲೆಕುಡಿಯರ ಮನೆಗಳೂ ಒತ್ತೊತ್ತಾಗಿರದೆ ತೋಟ, ಗದ್ದೆ, ಕಾಡುಗಳ ನಡುವೆ ಒಂದೊಂದಾಗಿ ಚದುರಿರುವುದರಿಂದ ಇಲ್ಲಿಯೂ ಮಕ್ಕಳ ಗುಂಪು ಎಲ್ಲ ಪ್ರಾಯದವರದ್ದೇ ಆಗುತ್ತದೆ. ಇಂಥ ಗುಂಪಿನಲ್ಲಿ ಹಿರಿಯ ಮಗುವಿಗೆ ತಾನು ನಿನ್ನೆ ಮೊನ್ನೆಯಷ್ಟೇ ಕಲಿತದ್ದು ಇನ್ನೂ ನೆನಪಿನಲ್ಲಿ ಹಸಿಯಾಗಿರುತ್ತದೆ, ಕಿರಿಯ ಮಗುವಿಗೆ ತನಗಿಂತ ತುಸುವೇ ಮುಂದಿರುವವರ ಕೈಚಳಕ ನಿಲುಕುವಂತಿರುತ್ತದೆ. ತೋಡಿನ ಬದಿಯ ಒದ್ದೆ ಮರಳಿನಲ್ಲಿ ನೀರು ಹೀರಿ ಏಳುವ ತುಡುವೆ ಜೇನ್ನೊಣ ಗೂಡಿನತ್ತ ನೇರ ಗೆರೆ ಎಳೆದಂತೆ ಹಾರುತ್ತದೆ. ಆ ಗೆರೆಯ ದಿಕ್ಕನ್ನು ಒಬ್ಬ ಹಿಡಿದರೆ, ಇನ್ನೊಬ್ಬ ಮುಂದಕ್ಕೆ ಹೋಗಿ ಬೆಳಕಿಗೆದುರಾಗಿ ನಿಂತು ಹಾರಾಟವನ್ನು ಮತ್ತೆ ಹುಡುಕಬೇಕು. ಇದು ಒಬ್ಬನಿಂದ ಆಗುವ ಕೆಲಸವಲ್ಲ, ಒಂದೇ ಪ್ರಾಯದ ಅನನುಭವಿಗಳಿಂದಲೂ ಆಗುವ ಕೆಲಸವಲ್ಲ.

ಇನ್ನು ಹಿರಿಯರ ಕಲಿಸುವಿಕೆ. ಕಲಿಸುವುದೆಂದರೆ ಎದುರು ಕುಳ್ಳಿರಿಸಿಕೊಂಡು ವಿವರಿಸುವುದು ಎಂದು ತಿಳಿದವರಿಗೆ ಈ ಸಮಾಜಗಳಲ್ಲಿ ಕಲಿಸುವಿಕೆಯೇ ಇಲ್ಲವೆಂದು ತೋರುತ್ತದೆ, ಎಷ್ಟೋ ಕಾಲ ವಿದ್ವಾಂಸರೂ ಹಾಗೆಯೇ ಬರೆದರು. ಹ್ಯೂಲೆಟ್ ಮತ್ತು ಕೇಸಿ ರೂಲೆಟ್ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ವರ್ಷ ದಾಟಿದ ಅಕಾ ಕೂಸುಗಳ ವಿಡಿಯೊ ಚಿತ್ರಗಳನ್ನು ಪರಿಶೀಲಿಸಿದಾಗ, ಹಿರಿಯರು ಕೂಸಿನ ಕೈಗೆ ಪುಟ್ಟ ಕತ್ತಿ, ಪುಟ್ಟ ಅಗೆಯುವ ಕೋಲು ಕೊಡುವುದು, ಕೈಯನ್ನು ಒಮ್ಮೆ ಸರಿಯಾದ ಕೋನಕ್ಕೆ ತಿರುಗಿಸಿ ಬಿಟ್ಟುಬಿಡುವುದು, ತಾನು ಮಾಡುವ ಕೆಲಸವನ್ನು ಕೂಸಿಗೆ ಕಾಣುವಂತೆ ತುಸು ನಿಧಾನಿಸುವುದು ಮೊದಲಾದ ಕ್ಷಣಮಾತ್ರದ ಕಲಿಸುವಿಕೆ ದಿನವಿಡೀ ನಡೆಯುವುದು ಕಂಡುಬಂತು. ಈ ಬಗೆಯ ಕಲಿಸುವಿಕೆ ಮಾತನ್ನು ಬೇಡುವುದಿಲ್ಲ, ಮಗುವಿನ ಸ್ವಾತಂತ್ರ್ಯವನ್ನೂ ಮುಟ್ಟುವುದಿಲ್ಲ.

ಬುಟ್ಟಿ ಹೆಣೆಯುವ ಕೊರಗರ ಅಂಗಳದಲ್ಲಿ ಮಗು ಮೊದಲು ತೊಡಗುವುದು ಕಸದ ರಾಶಿಯಲ್ಲಿ, ಅಂದರೆ ದೊಡ್ಡವರು ಬಿಸುಟ ತುಂಡು ಬೂರು ಮತ್ತು ಬಿದಿರ ಸೀಳುಗಳಲ್ಲಿ. ಹಸಿ ಬಿದಿರನ್ನು ಕತ್ತಿಯಿಂದ ಸೀಳುವಾಗ ಸೀಳು ನಟ್ಟನಡುವೆ ಸಾಗದೆ ಒಂದು ಮಗ್ಗುಲಿಗೆ ಓಡತೊಡಗುತ್ತದೆ, ಒಂದು ಪಟ್ಟಿ ತೆಳ್ಳಗಾಗುತ್ತ ಹೋಗಿ ತುಂಡಾಗುತ್ತದೆ. ಅನುಭವಸ್ಥರ ಕೈ ಆಗ ಕತ್ತಿಯನ್ನು ಒತ್ತುವುದಿಲ್ಲ. ದಪ್ಪಗಿರುವ ಅರ್ಧವನ್ನು ಹೆಚ್ಚು ಬಾಗಿಸುತ್ತದೆ, ಸೀಳು ಬಾಗಿದ ಕಡೆಗೆ ತಿರುಗಿ ಮತ್ತೆ ನಡುವಿಗೆ ಬರುತ್ತದೆ. ಮಾತಿನಲ್ಲಿ ಒಂದೇ ವಾಕ್ಯವಾದ ಈ ನಿಯಮ ಕೈಗೆ ಹತ್ತಲು ಎಷ್ಟೋ ಸೀಳುಗಳು ಹಾಳಾಗಬೇಕು, ಆದ್ದರಿಂದಲೇ ಹಾಳಾದರೂ ನಷ್ಟವಿಲ್ಲದ ತುಂಡುಗಳ ರಾಶಿ ಮಗುವಿನ ಪಾಲಿಗೆ ಅಮೂಲ್ಯ. ಹೊರಸಿಪ್ಪೆಯ ಕಡೆಯ ಪಟ್ಟಿ ಗಟ್ಟಿ, ಒಳತಿರುಳಿನದ್ದು ಮೆದು ಎಂಬುದು ಬೆರಳಿಗೆ ಗೊತ್ತಾಗಬೇಕು. ಬುಟ್ಟಿಯ ಬುಡ ಹಾಕುವಾಗ ನೆಟ್ಟಗೆ ನಿಲ್ಲುವ ಕಡ್ಡಿಗಳ ಸಂಖ್ಯೆ ಬೆಸವಾಗಿರಬೇಕು. ಒಂದೇ ಎಳೆಯನ್ನು ಸುತ್ತು ಸುತ್ತಾಗಿ ಹೆಣೆಯುವಾಗ ಕಡ್ಡಿಗಳು ಸಮಸಂಖ್ಯೆಯಲ್ಲಿದ್ದರೆ ಎರಡನೆಯ ಸುತ್ತಿನ ಎಳೆ ಮೊದಲನೆಯ ಸುತ್ತಿನದ್ದೇ ಮೇಲೆ-ಕೆಳಗನ್ನು ಅನುಸರಿಸುತ್ತದೆ, ಹೆಣಿಗೆ ಬಿಗಿಯಾಗುವುದೇ ಇಲ್ಲ. ಬೆಸವಾದರೆ ಪ್ರತಿ ಸುತ್ತಿಗೂ ಸರದಿ ತಾನಾಗಿ ಅದಲುಬದಲಾಗುತ್ತದೆ. ಸಮ-ಬೆಸ ಎಂಬ ಗಣಿತದ ಕಲ್ಪನೆ ಇಲ್ಲಿ ಹಲಗೆಯ ಮೇಲಿನ ಅಂಕಿಯಾಗಿ ಬರದೆ, ಬಿಗಿಯಾಗದ ಬುಟ್ಟಿಯ ರೂಪದಲ್ಲಿ ಮಗುವಿನ ಎದುರು ಬರುತ್ತದೆ, ಮತ್ತು ತಪ್ಪನ್ನು ಬೇರೆಯವರು ತೋರಿಸಬೇಕಾದ ಅಗತ್ಯವೂ ಇರುವುದಿಲ್ಲ. ಗೊಬ್ಬರ ಹೊರುವ ಕುಡ್ಪು, ಅಕ್ಕಿ ಕೇರುವ ತಡ್ಪೆ, ಮೀನು ಹಿಡಿಯುವ ಕೂಳಿ ಇವುಗಳಲ್ಲಿ ಒಂದೊಂದಕ್ಕೂ ಬೇಕಾದ ಬಿಗಿತ, ಸಂದು, ಬಾಗು ಬೇರೆ ಬೇರೆ. ಕೂಳಿಯೊಳಗೆ ನುಗ್ಗಿದ ಮೀನು ಹಿಂದಕ್ಕೆ ಬಾರದಂತೆ ಒಳಮುಖವಾಗಿ ಚಾಚಿದ ಕಡ್ಡಿಗಳ ಓರೆಯನ್ನು ಗ್ರಹಿಸುವ ಮಗುವಿಗೆ ಮೀನಿನ ನಡತೆಯೂ ತಿಳಿದಿರಬೇಕು. ಡೋಲು ಬಾರಿಸುವುದೂ ಹೀಗೆಯೇ ದೊಡ್ಡವರ ಸಾಲಿನ ಕೊನೆಯಲ್ಲಿ ನಿಂತು ತಾಳ ಹಿಡಿಯುತ್ತ ಬರುವ ವಿದ್ಯೆ.

ಕಾಡಿನ ಮೇಲಿನ ಮಗುವಿನ ಭಾವವೂ ಕಲಿಕೆಯ ಭಾಗವೇ. ಕರ್ನಾಟಕದ ಗಡಿಗೆ ಹತ್ತಿದ ನೀಲಗಿರಿಯಲ್ಲಿ, ಕನ್ನಡಕ್ಕೆ ತೀರ ಹತ್ತಿರದ ನುಡಿಯಾಡುವ ನಾಯಕ ಜನರ ನಡುವೆ ಅಧ್ಯಯನ ಮಾಡಿದ ನೂರಿತ್ ಬರ್ಡ್-ಡೇವಿಡ್, ಅವರು ಕಾಡನ್ನು ಹಿರಿಯ ತಂದೆ, ಹಿರಿಯ ತಾಯಿ ಎಂದೇ ಕರೆಯುವುದನ್ನು 1990ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ವಿವರಿಸಿದ್ದಾರೆ. ಮಕ್ಕಳಿಗೆ ತಂದೆತಾಯಿ ಲೆಕ್ಕವಿಡದೆ ಕೊಡುವಂತೆ ಕಾಡೂ ಕೊಡುತ್ತದೆ, ಸಿಕ್ಕಿದ್ದನ್ನು ಅದೇ ರೀತಿ ಎಲ್ಲರೂ ಹಂಚಿಕೊಳ್ಳಬೇಕು ಎಂಬ ನಂಬಿಕೆ ಅದು. ಆಹಾರ ಸಂಗ್ರಾಹಕ ಸಮಾಜಗಳಲ್ಲಿ ಮಗು ಕಲಿಯುವ ಮೊದಲ ಸಾಮಾಜಿಕ ನಡತೆ ಹಂಚಿಕೊಳ್ಳುವುದೇ ಆಗಿದೆ ಎಂದು ಹಲವು ಖಂಡಗಳ ವರದಿಗಳು ಹೇಳುತ್ತವೆ.

ಇದನ್ನೆಲ್ಲ ಓದಿ ಆ ಬಾಲ್ಯವನ್ನು ಸುಖದ ಬಾಲ್ಯವೆಂದು ಭಾವಿಸಿದರೆ ಅದು ದೊಡ್ಡ ತಪ್ಪಾಗುತ್ತದೆ. ಮೈಕಲ್ ಗರ್ವೆನ್ ಮತ್ತು ಕಪ್ಲಾನ್ 2007ರಲ್ಲಿ ಕಲೆಹಾಕಿದ ಲೆಕ್ಕದಂತೆ ಆಧುನಿಕ ವೈದ್ಯಕೀಯದ ಸಂಪರ್ಕವಿಲ್ಲದ ಬೇಟೆ-ಸಂಗ್ರಹಣೆಯ ಸಮಾಜಗಳಲ್ಲಿ ಹುಟ್ಟಿದ ನೂರು ಮಕ್ಕಳಲ್ಲಿ ಹದಿನೈದನೆಯ ವಯಸ್ಸನ್ನು ಕಾಣುತ್ತಿದ್ದವರು ಸರಾಸರಿ 57 ಮಂದಿ. ಕೊರಗರ ಮಕ್ಕಳ ಪಾಲಿಗೆ ಇದರ ಜೊತೆಗೆ ಮನುಷ್ಯರೇ ಹೇರಿದ ಕಷ್ಟವೂ ಇತ್ತು. ಅಸ್ಪೃಶ್ಯತೆ ಅವರನ್ನು ಶಾಲೆಯ ಅಂಗಳದಿಂದ ದೂರವಿಟ್ಟಿತ್ತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ಸ್ಥಾಪಿಸಿದ ಡಿಪ್ರೆಸ್ಡ್ ಕ್ಲಾಸಸ್ ಮಿಷನ್‌ನಂಥ ಪ್ರಯತ್ನಗಳು ಬರುವ ವರೆಗೆ ದಲಿತ ಮಕ್ಕಳಿಗೂ ಅಕ್ಷರದ ದಾರಿ ಮುಚ್ಚಿಯೇ ಇತ್ತು. ಇತರರ ಅನಿಷ್ಟವನ್ನು ಕೊರಗರ ಮೈಮೇಲೆ ದಾಟಿಸುವ ಅಜಲು ಪದ್ಧತಿಯನ್ನು ಕಾನೂನು ಮಾಡಿ ನಿಷೇಧಿಸಲು ಕರ್ನಾಟಕಕ್ಕೆ 2000ದ ವರೆಗೆ ಸಮಯ ಹಿಡಿಯಿತು. ಶಾಲೆ, ಆಸ್ಪತ್ರೆ, ಲಸಿಕೆ ಇವು ಆ ಮಕ್ಕಳಿಗೆ ಸಿಗಬೇಕಾದ ಹಕ್ಕು, ಈ ಬಗ್ಗೆ ಎರಡು ಮಾತಿರಲು ಸಾಧ್ಯವಿಲ್ಲ.

ಆದರೂ ಶಾಲೆ ಬಂದ ಬಗೆಯನ್ನು ಪ್ರಶ್ನಿಸಬಹುದು. ದಕ್ಷಿಣ ಕನ್ನಡದ ಶಾಲೆಗಳು ಏಪ್ರಿಲ್-ಮೇ ತಿಂಗಳಲ್ಲಿ ರಜೆ ಕೊಟ್ಟು ಮಳೆಗಾಲದ ಹೊತ್ತಿಗೆ ಬಾಗಿಲು ತೆರೆಯುತ್ತವೆ. ಬೇಸಿಗೆಯ ರಜೆ ಜೇನು ಮತ್ತು ಕಾಡುಹಣ್ಣಿನ ಹಂಗಾಮಿಗೆ ಸರಿಹೊಂದುತ್ತದೆ, ಆದ್ದರಿಂದ ಆ ಭಾಗದ ಕಲಿಕೆಗೆ ಒಂದಿಷ್ಟು ಅವಕಾಶ ಉಳಿದಿದೆ. ಆದರೆ ಅಣಬೆ, ಉಬರ್ ಮೀನು, ಕಣಿಲೆ, ಆಟಿಯ ಸೊಪ್ಪುಗಳು, ಏಡಿ-ನರ್ತೆಗಳು, ಎಂದರೆ ಗುರುತಿಸುವುದಕ್ಕೂ ವಿಷ ಕಳೆಯುವುದಕ್ಕೂ ಹೆಚ್ಚು ಜ್ಞಾನ ಬೇಡುವ ಮಳೆಗಾಲದ ಇಡೀ ಪಾಠ, ಶಾಲೆಯ ಮೊದಲ ನಾಲ್ಕು ತಿಂಗಳ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಮನೆಯಿಂದ ಓಡಾಡುವ ಮಗುವಿಗೆ ಸಂಜೆಯೂ ಭಾನುವಾರವೂ ಸಿಗುತ್ತವೆ, ಶಾಲೆಯ ದಾರಿಯೇ ಎಲ್ಲ ಪ್ರಾಯದವರ ಗುಂಪಾಗುತ್ತದೆ. ಆಶ್ರಮ ಶಾಲೆ ಅಥವಾ ಹಾಸ್ಟೆಲಿಗೆ ಸೇರಿದ ಮಗುವಿಗೆ ಅದೂ ಇಲ್ಲ. ಅಲ್ಲಿ ಮಗು ತನ್ನದೇ ತರಗತಿಯವರ ನಡುವೆ, ಕತ್ತಿಯೂ ತೋಡೂ ಇಲ್ಲದ ಆವರಣದೊಳಗೆ ಆರೇಳು ವರ್ಷ ಕಳೆಯುತ್ತದೆ, ಮತ್ತು ಆ ಆರೇಳು ವರ್ಷಗಳೇ ಆಟದ ಗುಂಪಿನಿಂದ ಕಲಿಯುವ ನಡುಬಾಲ್ಯ.

ನೆಲವೂ ಬದಲಾಗಿದೆ. ಬೆಳ್ತಂಗಡಿಯ ಹಲವು ಗುಡ್ಡೆಗಳನ್ನು ರಬ್ಬರ್ ಆವರಿಸಿದ ಮೇಲೆ ಬೂರು ಹಬ್ಬುವ ಹಾಡಿಗಳು ಕಡಿಮೆಯಾದವು, ಪ್ಲಾಸ್ಟಿಕ್ ಬುಟ್ಟಿ ಬಂದು ಕುಡ್ಪಿನ ಬೇಡಿಕೆ ಕುಗ್ಗಿತು. 1972ರ ವನ್ಯಜೀವಿ ಕಾಯ್ದೆಯ ನಂತರ ಬೇಟೆಯ ವಿದ್ಯೆಯನ್ನು ಮಗುವಿಗೆ ಕಲಿಸುವುದು ಅಪರಾಧಕ್ಕೆ ತರಬೇತಿ ಕೊಟ್ಟಂತಾಯಿತು; 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ವಿಸ್ತಾರದ ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾದ ಮೇಲೆ ಮಲೆಕುಡಿಯರ ಹಲವು ಮನೆಗಳೇ ಉದ್ಯಾನದ ಗಡಿಯೊಳಗೆ ಬಿದ್ದವು. 2006ರ ಅರಣ್ಯ ಹಕ್ಕು ಕಾಯ್ದೆ ಜೇನು, ಮೇಣ, ಬಿದಿರು, ಬೆತ್ತ, ಔಷಧಿ ಸಸ್ಯ, ಬೇರು, ಗೆಡ್ಡೆ ಇವೆಲ್ಲವನ್ನೂ ಕಿರು ಅರಣ್ಯ ಉತ್ಪನ್ನವೆಂದು ಹೆಸರಿಸಿ ಸಂಗ್ರಹದ ಹಕ್ಕನ್ನು ಕಾಡಿನ ಜನರಿಗೆ ಮರಳಿಸಿತು, ಜೀವವೈವಿಧ್ಯಕ್ಕೆ ಸಂಬಂಧಿಸಿದ ಪಾರಂಪರಿಕ ಜ್ಞಾನದ ಮೇಲೂ ಸಮುದಾಯದ ಹಕ್ಕನ್ನು ಒಪ್ಪಿತು. ಗೆಡ್ಡೆಯ ಹಕ್ಕು ದೊರೆತರೂ, ಯಾವ ಗೆಡ್ಡೆಯನ್ನು ಎಷ್ಟು ನೀರಿನಲ್ಲಿ ನೆನೆಸಬೇಕೆಂದು ಬಲ್ಲ ಮಕ್ಕಳು ಬೆಳೆಯದಿದ್ದರೆ ಆ ಹಕ್ಕನ್ನು ಚಲಾಯಿಸುವವರು ಉಳಿಯುವುದಿಲ್ಲ.

ಶಾಲೆಯ ವರ್ಷವನ್ನು ಕಾಡಿನ ಕಲಿಕೆಗೆ ಹೊಂದಿಸಿಕೊಳ್ಳಲು ಕಾನೂನಿನ ಅಡ್ಡಿಯೇನೂ ದೊಡ್ಡದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ ಕನಿಷ್ಠ 200, ಆರರಿಂದ ಎಂಟಕ್ಕೆ 220 ಕೆಲಸದ ದಿನಗಳನ್ನು ನಿಗದಿ ಮಾಡುತ್ತದೆ. ಆ ದಿನಗಳು ಯಾವ ತಿಂಗಳಲ್ಲಿ ಬರಬೇಕೆಂದು ಅದು ಹೇಳುವುದಿಲ್ಲ. ಚಟುವಟಿಕೆ ಮತ್ತು ಅನ್ವೇಷಣೆಯ ಮೂಲಕ ಕಲಿಕೆ ಸಾಗಬೇಕು, ಸಾಧ್ಯವಾದ ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲಿ ಬೋಧನೆ ಇರಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ. ಘಟ್ಟದ ಬುಡದ ಆಶ್ರಮ ಶಾಲೆಗಳು ಕಾರ್ತೆಲ್ ಮತ್ತು ಆಟಿಯ ಕೆಲವು ವಾರಗಳನ್ನು ಮಕ್ಕಳಿಗೆ ಮನೆಯಲ್ಲಿ ಕಳೆಯಲು ಬಿಟ್ಟು, ಆ ದಿನಗಳನ್ನು ಬೇಸಿಗೆಯಲ್ಲಿ ತುಂಬಿಕೊಳ್ಳಬಹುದು. ಬುಟ್ಟಿ ಹೆಣೆಯುವ ಅಜ್ಜಿಯನ್ನು ಗಣಿತದ ತರಗತಿಗೂ, ಕಣಿಲೆ ನೆನೆಹಾಕುವ ತಾಯಿಯನ್ನು ವಿಜ್ಞಾನದ ತರಗತಿಗೂ ಗೌರವಧನ ಕೊಟ್ಟು ಕರೆಯಬಹುದು.